ಪಿಡಿಎಫ್ ಸಾಕು, ಪ್ರಶ್ನೆ ಹಾಕಿ: ಶಿಕ್ಷಕರು ಗ್ರೂಪುಗಳಿಂದ ಕಲಿಯುವ ಬಗೆ

ಹಾಸನ ಜಿಲ್ಲೆಯ ಯಾವ ಶಿಕ್ಷಕರ ಮೊಬೈಲ್ ತೆರೆದರೂ ಹತ್ತಾರು ವಾಟ್ಸಾಪ್ ಗ್ರೂಪುಗಳು ಕಾಣುತ್ತವೆ. ಕ್ಲಸ್ಟರಿನದೊಂದು, ತಾಲ್ಲೂಕಿನದೊಂದು, ಸಂಘದ್ದೊಂದು, ವಿಷಯವಾರು ಎರಡು ಮೂರು, ತರಬೇತಿಗೆ ಹೋದಾಗ ಸೇರಿಸಿದ ಇನ್ನೊಂದಷ್ಟು. ಸಂದೇಶಗಳಿಗಂತೂ ಲೆಕ್ಕವಿಲ್ಲ. ಆದರೆ "ಹೋದ ತಿಂಗಳು ಈ ಗ್ರೂಪುಗಳಿಂದಾಗಿ ನಿಮ್ಮ ಪಾಠದಲ್ಲಿ ಏನು ಬದಲಾಯಿತು?" ಎಂದು ಕೇಳಿದರೆ ಬಹಳಷ್ಟು ಮಂದಿ ಉತ್ತರಕ್ಕೆ ತಡವರಿಸುತ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಶಿಕ್ಷಕರೊಂದಿಗೆ ಮಾತಿಗೆ ಕೂತಾಗಲೆಲ್ಲ ನನಗೆ ಎದುರಾಗುವುದು ಇದೇ. ಅವರಲ್ಲಿ ಆಸಕ್ತಿಗೆ ಕೊರತೆಯಿಲ್ಲ. ಬಳಸುವ ಕ್ರಮ ಮಾತ್ರ ತಪ್ಪಿದೆ. ಅದನ್ನು ಸರಿಪಡಿಸಿಕೊಳ್ಳಬಹುದು.

ಕರ್ನಾಟಕಕ್ಕೆ ಇದು ಹೊಸದೇನಲ್ಲ. 2011ರ ನಂತರದ ವರ್ಷಗಳಲ್ಲಿ ಡಿಎಸ್‌ಇಆರ್‌ಟಿ ಮತ್ತು ಆರ್‌ಎಂಎಸ್‌ಎ ಜೊತೆ ಸೇರಿ ಐಟಿ ಫಾರ್ ಚೇಂಜ್ ಸಂಸ್ಥೆ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಇಮೇಲ್ ಮೂಲಕವೇ ಪಾಠದ ತೊಡಕುಗಳನ್ನು ಚರ್ಚಿಸುತ್ತಿದ್ದರು. ಅವರು ಸಿದ್ಧಪಡಿಸಿದ ಸಾಮಗ್ರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಜಾಲತಾಣದಲ್ಲಿ ಸೇರಿತು. ಆಮೇಲೆ ಮೊಬೈಲ್ ಬಂತು, ವೇಗ ಬಂತು, ಚರ್ಚೆ ತೆಳ್ಳಗಾಯಿತು. ಈಗ ಮಾಡಬೇಕಾದದ್ದು ಇಷ್ಟು.

ಹಂತ 1: ಆದೇಶದ ಗ್ರೂಪು ಬೇರೆ, ಕಲಿಕೆಯ ಗ್ರೂಪು ಬೇರೆ

ಸಿಆರ್‌ಪಿ, ಬಿಇಒ ಕಚೇರಿಯ ಗ್ರೂಪುಗಳು ಇರುವುದು ಸುತ್ತೋಲೆ ತಿಳಿಸುವುದಕ್ಕೆ, ಮಾಹಿತಿ ತರಿಸಿಕೊಳ್ಳುವುದಕ್ಕೆ. ಅಲ್ಲಿ ಪಾಠದ ಪ್ರಶ್ನೆ ಹಾಕಿದರೆ "ಮಧ್ಯಾಹ್ನದೊಳಗೆ ನಮೂನೆ ಭರ್ತಿ ಮಾಡಿ ಕಳಿಸಿ" ಎಂಬ ಸಂದೇಶಗಳಡಿ ಅದು ಹೂತುಹೋಗುತ್ತದೆ. ಮೇಲಧಿಕಾರಿಗಳು ಓದುವ ಜಾಗದಲ್ಲಿ "ಈ ಪಾಠ ನನಗೆ ಸರಿಯಾಗಿ ಮಾಡಲು ಆಗುತ್ತಿಲ್ಲ" ಎಂದು ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಆ ಗ್ರೂಪುಗಳನ್ನು ಹಾಗೇ ಇಟ್ಟುಕೊಳ್ಳಿ, ಕಲಿಕೆಗೆ ಬೇರೆ ಜಾಗ ಮಾಡಿಕೊಳ್ಳಿ. ಉಳಿದ ಗ್ರೂಪುಗಳನ್ನು ಮ್ಯೂಟ್ ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸಿನ 'ಸ್ಟೋರೇಜ್ ಅಂಡ್ ಡೇಟಾ' ಒಳಗೆ ಹೋಗಿ ಫೋಟೋ, ವಿಡಿಯೊ, ಕಡತಗಳ ಆಟೋ ಡೌನ್‌ಲೋಡ್ ನಿಲ್ಲಿಸಿ. ಬೇಡದ್ದು ತಾನಾಗಿ ಬಂದು ಫೋನ್ ತುಂಬುವುದು ನಿಂತರೆ ಬೇಕಾದದ್ದು ಕಣ್ಣಿಗೆ ಬೀಳುತ್ತದೆ.

ಹಂತ 2: ಒಂದು ದೊಡ್ಡ ಗ್ರೂಪು, ಒಂದು ಸಣ್ಣ ಗ್ರೂಪು

ನೀವಿರುವ ವಿಷಯವಾರು ಗ್ರೂಪುಗಳಲ್ಲಿ ಕೊನೆಯ ಐವತ್ತು ಸಂದೇಶ ಓದಿ. ಅದರಲ್ಲಿ ಪ್ರಶ್ನೆಗಳೆಷ್ಟು, ಪ್ರಶ್ನೆಗೆ ಬಂದ ಉತ್ತರಗಳೆಷ್ಟು ಎಂದು ಎಣಿಸಿ. ಬರೀ ಶುಭೋದಯ, ಹುಟ್ಟುಹಬ್ಬ, ವರ್ಗಾವಣೆಯ ವದಂತಿಗಳೇ ಇದ್ದರೆ ಸಂಕೋಚಪಡದೆ ಹೊರಬನ್ನಿ. ಚರ್ಚೆ ನಡೆಯುವ ಒಂದೇ ಒಂದು ದೊಡ್ಡ ಗ್ರೂಪು ಉಳಿಸಿಕೊಳ್ಳಿ. ದೊಡ್ಡ ಬಳಗಕ್ಕೆ ಟೆಲಿಗ್ರಾಂ ಒಳ್ಳೆಯದು. ಅಲ್ಲಿ ನಿಮ್ಮ ಫೋನ್ ನಂಬರ್ ಅಪರಿಚಿತರಿಗೆ ಕಾಣದಂತೆ ಇಡಬಹುದು, ಕಡತಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಲೇಬೇಕೆಂದಿಲ್ಲ, ಹಳೆಯ ಚರ್ಚೆ ಹುಡುಕುವುದೂ ಸುಲಭ. ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಸೇರಬಹುದು. ಆದರೆ ಅಷ್ಟು ಜನರ ಮುಂದೆ ಬಾಯಿಬಿಡುವವರು ಕಡಿಮೆ.

ಅದಕ್ಕೇ ಜೊತೆಗೊಂದು ಸಣ್ಣ ಗ್ರೂಪು ಬೇಕು. ನಿಮ್ಮದೇ ವಿಷಯ ಕಲಿಸುವ, ಅಕ್ಕಪಕ್ಕದ ಶಾಲೆಗಳ ಎಂಟು ಹತ್ತು ಮಂದಿ ಸಾಕು. ಸಮಾಲೋಚನಾ ಸಭೆಯಲ್ಲಿ ಮುಖ ಕಂಡವರಾದರೆ ಇನ್ನೂ ಒಳ್ಳೆಯದು. ಕಲಿಕೆ ನಿಜವಾಗಿ ನಡೆಯುವುದು ಈ ಸಣ್ಣ ಗ್ರೂಪಿನಲ್ಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಂತ 3: ಪ್ರಶ್ನೆಯನ್ನು ಪ್ರಶ್ನೆಯಂತೆ ಕೇಳಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

"ಭಿನ್ನರಾಶಿ ಇದ್ರೆ ಕಳಿಸಿ ಸರ್." ಗ್ರೂಪುಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ಕೋರಿಕೆ ಈ ಜಾತಿಯದ್ದು. ಇದಕ್ಕೆ ಐದು ನಿಮಿಷದಲ್ಲಿ ನಾಲ್ಕು ಸಂದೇಶ ಬರುತ್ತವೆ: ಯಾರೋ ಮಾಡಿದ ಪಾಠ ಯೋಜನೆ, ಯಾವುದೋ ವರ್ಷದ ಎಫ್‌ಎ ಪ್ರಶ್ನೆಪತ್ರಿಕೆ, ಒಂದು ಯೂಟ್ಯೂಬ್ ಕೊಂಡಿ, ಇನ್ನೊಬ್ಬರು ಅದೇ ಪಾಠ ಯೋಜನೆಯನ್ನು ಮತ್ತೆ ಕಳಿಸಿದ್ದು. ಕೇಳಿದವರು "ಧನ್ಯವಾದಗಳು ಸರ್" ಎಂದು ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಮಕ್ಕಳಿಗೆ ಎಲ್ಲಿ ತೊಡಕಾಗುತ್ತಿದೆ ಎಂದು ಕೇಳಿದವರು ಹೇಳಲಿಲ್ಲ, ಕಳಿಸಿದವರು ವಿಚಾರಿಸಲಿಲ್ಲ. ಪಾಠ ಮೊದಲು ಹೇಗಿತ್ತೋ ಹಾಗೇ ನಡೆಯುತ್ತದೆ, ಫೋನಿನಲ್ಲಿ ಒಂದು ಕಡತ ಹೆಚ್ಚಾಗಿರುತ್ತದೆ ಅಷ್ಟೆ.

ಅದೇ ಮಾತನ್ನು ಹೀಗೆ ಕೇಳಿ ನೋಡಿ:

"ಐದನೇ ತರಗತಿ. 1/4 ದೊಡ್ಡದೋ 1/6 ದೊಡ್ಡದೋ ಎಂದರೆ ತುಂಬಾ ಮಕ್ಕಳು 1/6 ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ 'ನಾಲ್ಕಕ್ಕಿಂತ ಆರು ದೊಡ್ಡದಲ್ವಾ ಮಿಸ್' ಎಂಬ ಉತ್ತರ. ಹಾಳೆ ಮಡಚಿ ತೋರಿಸಿದೆ. ಹಾಳೆ ಕೈಯಲ್ಲಿರುವಾಗ ಸರಿಯಾಗಿಯೇ ಹೇಳಿದರು. ಮಾರನೇ ದಿನ ಬೋರ್ಡಿನ ಮೇಲೆ ಬರೀ ಅಂಕಿ ಬರೆದಾಗ ಮತ್ತೆ ತಪ್ಪಿದರು. ಹಾಳೆಯಿಂದ ಅಂಕಿಗೆ ಬರುವ ನಡುವೆ ನೀವು ಏನು ಮಾಡಿಸುತ್ತೀರಿ?"

ಇದರಲ್ಲಿ ನಾಲ್ಕು ವಿಷಯಗಳಿವೆ: ಯಾವ ತರಗತಿ, ಮಕ್ಕಳು ಅವರದೇ ಬಾಯಲ್ಲಿ ಏನು ಹೇಳಿದರು, ನೀವು ಈಗಾಗಲೇ ಏನು ಮಾಡಿ ನೋಡಿದ್ದೀರಿ, ಈಗ ನಿಮಗೆ ಬೇಕಾದದ್ದು ಏನು. ಈ ನಾಲ್ಕೂ ಇದ್ದರೆ ಪಿಡಿಎಫ್ ಕಳಿಸುವವರೂ ಒಂದು ಕ್ಷಣ ನಿಂತು ಯೋಚಿಸುತ್ತಾರೆ. "ನೀವು ಮಡಚಿಸಿದ ಹಾಳೆಗಳು ಎಲ್ಲ ಮಕ್ಕಳ ಹತ್ತಿರವೂ ಒಂದೇ ಅಳತೆಯವಾಗಿದ್ದವೇ?" ಎಂದು ಒಬ್ಬರು ಕೇಳಬಹುದು. ಬಹಳ ಮುಖ್ಯವಾದ ಮಾತದು, ಏಕೆಂದರೆ ಪೂರ್ಣವೇ ಬೇರೆ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. "ಕೆಳಗಿನ ಅಂಕಿಯನ್ನು ಓದಿಸುವಾಗ 'ಆರು ಜನಕ್ಕೆ ಸಮನಾಗಿ ಹಂಚಿದ್ದರಲ್ಲಿ ಒಬ್ಬರ ಪಾಲು' ಎಂದು ಪ್ರತಿ ಸಲ ಬಾಯಿಬಿಟ್ಟು ಹೇಳಿಸಿ" ಎಂದು ಇನ್ನೊಬ್ಬರು ಬರೆಯಬಹುದು. "ಮಡಚಿದ ಪಟ್ಟಿಯನ್ನು ಸಂಖ್ಯಾರೇಖೆಯಲ್ಲಿ ಸೊನ್ನೆ ಮತ್ತು ಒಂದರ ನಡುವೆ ಇಟ್ಟು ಗುರುತು ಮಾಡಿಸಿ" ಎಂದು ಮತ್ತೊಬ್ಬರು ಸೇರಿಸಬಹುದು. ನಾಳೆ ಬೆಳಿಗ್ಗೆಯೇ ಮಾಡಿ ನೋಡಬಹುದಾದ ಮೂರು ದಾರಿಗಳು ಕೈಗೆ ಬಂದವು.

"ಹಿರಿಯ ಶಿಕ್ಷಕಿ ನಾನು, ಇಂಥದ್ದನ್ನು ಕೇಳಿದರೆ ಏನಂದುಕೊಳ್ಳುತ್ತಾರೋ" ಎಂಬ ಅಳುಕು ಹಲವರಲ್ಲಿದೆ. ಇಪ್ಪತ್ತು ವರ್ಷ ಪಾಠ ಮಾಡಿದವರೇ ಪ್ರಶ್ನೆ ಕೇಳಿದರೆ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೂ ಧೈರ್ಯ ಬರುತ್ತದೆ. ಗ್ರೂಪಿನ ರೀತಿಯನ್ನು ಬದಲಿಸುವ ಶಕ್ತಿ ಇರುವುದು ಹಿರಿಯರ ಪ್ರಶ್ನೆಗೆ. ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದು ಅಕ್ಷರವಾಗಿ ಮೂಡುತ್ತದೆ. ಧ್ವನಿ ಸಂದೇಶಕ್ಕಿಂತ ಅಕ್ಷರವೇ ಮೇಲು, ಮುಂದೆ ಹುಡುಕಿದರೆ ಸಿಗುತ್ತದೆ. ಪ್ರಾರ್ಥನೆ, ಹಾಜರಿಯ ಹೊತ್ತಿನಲ್ಲಿ ಹಾಕಬೇಡಿ. ರಾತ್ರಿ ಏಳೂವರೆ ಎಂಟರ ಹೊತ್ತಿಗೆ ಹಾಕಿದರೆ ಓದುವವರಿಗೆ ಪುರಸೊತ್ತಿರುತ್ತದೆ.

ಹಂತ 4: ಬಂದದ್ದನ್ನು ಪರಿಶೀಲಿಸದೆ ತರಗತಿಗೆ ಒಯ್ಯಬೇಡಿ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳರ ಪಾಠ ಬಂದಾಗ ಗ್ರೂಪುಗಳಲ್ಲಿ ತಿರುಗುವುದು ಹೆಚ್ಚಾಗಿ ಅವುಗಳ ಚಿತ್ರಗಳೇ. ಜೊತೆಗೆ ಬರುವ ಬರಹಗಳಲ್ಲಿ ಎಲ್ಲ ಗುಡಿಗಳನ್ನೂ ಅರಸನೇ ಕಟ್ಟಿಸಿದ, ಜಕಣಾಚಾರಿಯೇ ಕೆತ್ತಿದ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ.

ಹಾಸನದಿಂದ ಬೇಲೂರಿನ ಹಾದಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿಸಿದ್ದು ವಿಷ್ಣುವರ್ಧನನಲ್ಲ. ಅವನ ಕಾಲದಲ್ಲಿ, 1113–14ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನಿಗಿಂತ ಇದು ಹಿಂದಿನದು. ನಾಲ್ಕು ಗರ್ಭಗುಡಿಗಳಿರುವ ಚತುಷ್ಕೂಟ. ಕಾಳಿಯ ಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಎಲುಬುಗೂಡಿನಂಥ ಬೇತಾಳಗಳು ನಿಂತಿವೆ. ಮಕ್ಕಳು ಅವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಒಂದು ಸಾಲು ಸರಿಯಾದರೆ ಪಾಠವೇ ಬದಲಾಗುತ್ತದೆ. ಅರಸರ ಪಟ್ಟಿ ಒಪ್ಪಿಸುವ ಬದಲು "ಒಬ್ಬ ವ್ಯಾಪಾರಿಗೂ ಅವನ ಹೆಂಡತಿಗೂ ಗುಡಿ ಕಟ್ಟಿಸುವಷ್ಟು ಅನುಕೂಲ ಹೇಗೆ ಬಂತು? ಅವರ ಹೆಸರನ್ನು ಕಲ್ಲಿನಲ್ಲಿ ಯಾಕೆ ಬರೆಸಿದರು?" ಎಂದು ಮಕ್ಕಳನ್ನು ಕೇಳಬಹುದು. ಪರಿಶೀಲಿಸುವ ಕ್ರಮ ಸರಳ. ಬರೆದವರ ಹೆಸರಿಲ್ಲದ ಸಂದೇಶವನ್ನು ನಂಬಬೇಡಿ. ಇಸವಿ, ಹೆಸರುಗಳನ್ನು ಪುಸ್ತಕದಲ್ಲಿ ನೋಡಿ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಗಳ ಎಪಿಗ್ರಾಫಿಯ ಕರ್ನಾಟಿಕ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ಸಾಧ್ಯವಾದರೆ ಜಾಗಕ್ಕೇ ಹೋಗಿ ಬನ್ನಿ. ಗಣಿತ, ವಿಜ್ಞಾನಕ್ಕೂ ಇದೇ ನಿಯಮ: ಬಂದ ಲೆಕ್ಕವನ್ನು ಮೊದಲು ನೀವು ಬಿಡಿಸಿ, ಪ್ರಯೋಗವನ್ನು ಮೊದಲು ನೀವು ಮಾಡಿ.

ಹಂತ 5: ತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಕೊಡಿ

ಬಂದ ಸಲಹೆಯನ್ನು ತರಗತಿಯಲ್ಲಿ ಮಾಡಿ ನೋಡಿ, ಒಂದು ವಾರದೊಳಗೆ ಅದೇ ಗ್ರೂಪಿಗೆ ಮರಳಿ ಹೋಗಿ ನಾಲ್ಕು ಸಾಲು ಬರೆಯಿರಿ: ಏನು ಮಾಡಿದೆ, ಎಷ್ಟು ಮಕ್ಕಳಿಗೆ ತಿಳಿಯಿತು, ಯಾವುದು ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಾರದ್ದನ್ನು ಬರೆಯುವುದು ಇನ್ನೂ ಉಪಯುಕ್ತ. ನೀವೇ ತಯಾರಿಸಿದ ಪಾಠ ಯೋಜನೆ ಹಂಚುವಾಗ ನುಡಿ ತಂತ್ರಾಂಶದ ಹಳೆಯ ಫಾಂಟ್ ಬಿಟ್ಟು ಯುನಿಕೋಡ್ ಬಳಸಿ. ಇಲ್ಲದಿದ್ದರೆ ಬೇರೆಯವರ ಮೊಬೈಲಿನಲ್ಲಿ ಅಕ್ಷರಗಳೆಲ್ಲ ಗೋಜಲಾಗುತ್ತವೆ. ಬೇರೆಯವರದ್ದನ್ನು ಹಂಚಿದರೆ ಅವರ ಹೆಸರು ಅಳಿಸಬೇಡಿ. ಊರಿನ ಗುಡಿ, ಕೆರೆ, ವೀರಗಲ್ಲುಗಳ ಫೋಟೋ ತೆಗೆದಿದ್ದರೆ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ನಾಡಿನ ಎಲ್ಲ ಶಿಕ್ಷಕರೂ ಅದನ್ನು ಮುಕ್ತವಾಗಿ ಬಳಸಬಹುದು.

ಹಂತ 6: ಮಕ್ಕಳ ಮುಖ ತೋರಿಸಬೇಡಿ

ತರಗತಿಯ ವಿಡಿಯೊ ಹಾಕಬೇಕೆಂಬ ಆಸೆ ಸಹಜ. ಆದರೆ ತಪ್ಪು ಉತ್ತರ ಹೇಳಿದ ಮಗುವಿನ ವಿಡಿಯೊ ಊರೆಲ್ಲ ತಿರುಗಿದರೆ ಆ ಮಗು ಮತ್ತೆ ಕೈಯೆತ್ತುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನೋಟ್‌ಬುಕ್ಕಿನ ಪುಟ, ಕಪ್ಪುಹಲಗೆ, ಕೆಲಸ ಮಾಡುತ್ತಿರುವ ಕೈಗಳು ಇಷ್ಟೇ ಚೌಕಟ್ಟಿನೊಳಗೆ ಬಂದರೆ ಸಾಕು. ಹೆಸರು, ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ, ಆಧಾರ್ ಯಾವ ಕಲಿಕಾ ಗ್ರೂಪಿಗೂ ಬೇಡ.

ಉಳಿದವು ಚುಟುಕಾಗಿ

ಕೊನೆಯಲ್ಲಿ 'ಎಪಿಕೆ' ಎಂದಿರುವ ಕಡತ ಯಾವ ಹೆಸರಿನಲ್ಲಿ, ಯಾರಿಂದ ಬಂದರೂ ತೆರೆಯಬೇಡಿ. ಅಂಥ ವಂಚನೆಯಲ್ಲಿ ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿಕೊಳ್ಳಿ. ಸರ್ಕಾರಿ ಶಿಕ್ಷಕರು 2021ರ ನಡತೆ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ. ಯೂಟ್ಯೂಬ್ ಚಾನೆಲಿನಿಂದ ಹಣ ಬರುವಂತಿದ್ದರೆ ಮೊದಲೇ ಲಿಖಿತವಾಗಿ ಅನುಮತಿ ಕೇಳಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಸೂಚಿಸಿದೆ. ಪ್ರಮಾಣಪತ್ರಕ್ಕೆ ದೀಕ್ಷಾ ವೇದಿಕೆಯ ಕೋರ್ಸುಗಳಿವೆ, ಅಲ್ಲಿ ಹುಟ್ಟಿದ ಅನುಮಾನಗಳಿಗೆ ನಿಮ್ಮ ಸಣ್ಣ ಗ್ರೂಪು ಇರಲಿ. ಗ್ರೂಪುಗಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಈ ವಾರ ಬೇರೇನೂ ಆಗದಿದ್ದರೂ ನಿಮ್ಮ ತರಗತಿಯ ಒಂದು ಪ್ರಶ್ನೆಯನ್ನು ಆ ನಾಲ್ಕು ವಿಷಯಗಳೊಂದಿಗೆ ಬರೆದು ಹಾಕಿ.