ಜೀರ್ಣೋದ್ಧಾರವೋ, ಬಿಡಿಭಾಗಗಳ ವಿಕ್ರಯವೋ? ಹಳೆಯ ಮೋಟಾರ್ ಸೈಕಲ್ಲಿನ ಲೆಕ್ಕಾಚಾರ

ನಮ್ಮ ರಾಜ್ಯದ ಹಳೆಯ ವರ್ತಕ ಕುಟುಂಬಗಳ ಗೋದಾಮುಗಳಲ್ಲಿ ತಗಡಿನ ಸೂರಿನ ಕೆಳಗೆ ಗೋಣಿಚೀಲ ಹೊದ್ದು ನಿಂತಿರುವ ಜಾವಾ ಅಥವಾ ಯೆಜ್ಡಿ ಗಾಡಿಗಳು ಇಂದಿಗೂ ಕಾಣಸಿಗುತ್ತವೆ. ಇದಕ್ಕೆ ಕಾರಣವೂ ಉಂಟು. ಇರಾನಿ ಕುಟುಂಬದವರು ಜಯಚಾಮರಾಜ ಒಡೆಯರ ಬೆಂಬಲದೊಡನೆ ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉದ್ಘಾಟನೆಗೊಂಡು, ಮೊದಲು ಜಾವಾ ಹೆಸರಿನಲ್ಲಿಯೂ ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿಯೂ ಗಾಡಿಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ವಸೂಲಿಗೆ, ಸಂತೆಗೆ, ಮಂಡಿಗೆ ಓಡಾಡಲು ಅಂದಿನ ವರ್ತಕರು ಕೊಂಡ ಈ ಗಾಡಿಗಳು ಮುಂದಿನ ಪೀಳಿಗೆಯ ಪಾಲಿಗೆ ಬಂದಿವೆ. ಜಾವಾ ಹೆಸರು 2018ರಲ್ಲಿ ಹೊಸ ಸಂಸ್ಥೆಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದ ಬಳಿಕ, ಹಳೆಯದನ್ನು ತೂಕಕ್ಕೆ ಹಾಕುವ ಮುನ್ನ ಜನರು ಎರಡು ಬಾರಿ ಯೋಚಿಸುತ್ತಿದ್ದಾರೆ.

ಇದನ್ನು ರಿಪೇರಿ ಮಾಡಿಸಿ ನಿಲ್ಲಿಸುವುದೇ, ಬಿಚ್ಚಿ ಬಿಡಿಭಾಗಗಳಾಗಿ ಮಾರುವುದೇ ಎಂಬ ಪ್ರಶ್ನೆ ಮೆಕ್ಯಾನಿಕ್‌ನದ್ದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಇದು ಶುದ್ಧ ವೆಚ್ಚ ಲೆಕ್ಕದ ಪ್ರಶ್ನೆ. ಕಾರ್ಖಾನೆಯ ಮೂಲೆಯಲ್ಲಿ ನಿಂತ ಹಳೆಯ ಲೇತ್ ಯಂತ್ರಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಲೇತ್‌ನ ಮೇಲೆ ಯಾರಿಗೂ ಮಮತೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲಿಗೆ ಲೆಕ್ಕದಿಂದ ಹೊರಗಿಡಬೇಕಾದ ಮೊತ್ತವನ್ನು ಗುರುತಿಸೋಣ. ತಂದೆಯವರು ಅಂದು ಕೊಟ್ಟ ಬೆಲೆ, ಹತ್ತು ವರ್ಷದ ಹಿಂದೆ ಎಂಜಿನ್ ಬಿಚ್ಚಿಸಲು ತೆತ್ತ ಹಣ, ಕಳೆದ ವರ್ಷ ಕೊಂಡಿಟ್ಟು ಹಾಕಿಸದೆ ಉಳಿದ ಟೈರಿನ ಖರ್ಚು ಇವೆಲ್ಲ ಮುಳುಗಿದ ವೆಚ್ಚಗಳು. ‘ಇಷ್ಟು ಹಾಕಿಯಾಗಿದೆ, ಇನ್ನು ಬಿಡುವುದು ಹೇಗೆ’ ಎಂಬ ಮಾತು ವ್ಯಾಪಾರದಲ್ಲಿ ಎಷ್ಟು ಅಂಗಡಿಗಳನ್ನು ಮುಚ್ಚಿಸಿದೆಯೆಂಬುದು ಓದುಗರಿಗೆ ತಿಳಿಯದ್ದೇನಲ್ಲ. ಆ ಟೈರನ್ನು ಇಂದು ಮಾರಿದರೆ ಬರುವ ಬೆಲೆ ಮಾತ್ರ ಲೆಕ್ಕಕ್ಕೆ ಬರತಕ್ಕದ್ದು.

ಉಳಿಯುವುದು ಮೂರು ಮೊತ್ತಗಳು: ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಮಾರಿದರೆ ದೊರೆಯುವ ಬೆಲೆ, ಜೀರ್ಣೋದ್ಧಾರ ಮಾಡಿ ಮಾರಿದರೆ, ಇನ್ನು ಮುಂದೆ ತಗಲುವ ವೆಚ್ಚವನ್ನು ಕಳೆದು ಉಳಿಯುವ ನಿವ್ವಳ, ಬಿಡಿಭಾಗಗಳಾಗಿ ಮಾರಿದರೆ ನಿಜವಾಗಿ ಕೈಸೇರುವ ಹಣ. ಹೆಚ್ಚಿನವರು ಎರಡನೆಯದನ್ನೂ ಮೂರನೆಯದನ್ನೂ ಮಾತ್ರ ಹೋಲಿಸಿ, ಮೊದಲನೆಯದನ್ನು ಮರೆಯುತ್ತಾರೆ. ಆದರೆ ಮೊದಲನೆಯದೇ ಉಳಿದೆರಡಕ್ಕೂ ಅಳತೆಗೋಲು.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ಕೇವಲ ವಿವರಣೆಗಾಗಿ. ಓದುಗರು ತಮ್ಮ ಊರಿನ ದರಗಳನ್ನು ತುಂಬಿಕೊಳ್ಳಬೇಕು. 1969ರ ಜಾವಾ 250 ಗಾಡಿ, ಇಪ್ಪತ್ತು ವರ್ಷದಿಂದ ಓಡಿಲ್ಲ, ಕಾಗದಪತ್ರ ಸರಿಯಾಗಿದೆ. ಇದ್ದಂತೆಯೇ ಕೊಂಡುಕೊಳ್ಳುವವರು 60,000 ರೂಪಾಯಿ ಕೊಡುತ್ತಾರೆ. ರಿಪೇರಿಯ ಅಂದಾಜು ಹೀಗಿದೆ: ಎಂಜಿನ್ನಿಗೆ 28,000, ಬಣ್ಣ ಮತ್ತು ಕ್ರೋಮ್ ಲೇಪಕ್ಕೆ 32,000, ವಿದ್ಯುತ್ ಭಾಗಕ್ಕೆ 12,000, ಚಕ್ರ, ಟೈರು, ಬ್ರೇಕಿಗೆ 15,000, ಸೀಟು, ಕೇಬಲ್, ರಬ್ಬರ್ ಸಾಮಾನಿಗೆ 10,000, ಸಾರಿಗೆ ಕಚೇರಿಯ ಬಾಬ್ತು 8,000. ಒಟ್ಟು 1,05,000. ಸಿದ್ಧವಾದ ಗಾಡಿ 1,90,000ಕ್ಕೆ ಹೋಗುತ್ತದೆ ಎಂದುಕೊಂಡರೆ 85,000 ಉಳಿಯಿತು. ಇದ್ದಂತೆ ಮಾರುವುದಕ್ಕಿಂತ 25,000 ಲಾಭ ಎಂದು ಮನೆಯ ಹುಡುಗರು ಉತ್ಸಾಹದಿಂದ ಹೇಳುತ್ತಾರೆ.

ಆದರೆ ಈ ಅಂದಾಜು ಎಂಜಿನ್ ಬಿಚ್ಚುವ ಮೊದಲಿನದು. ಬಿಚ್ಚದೆ ಕಾಣದ ದೋಷಗಳಿಗಾಗಿ ಶೇಕಡಾ 25 ಸೇರಿಸುವುದು ಅತಿಯಲ್ಲ. ಆಗ ವೆಚ್ಚ 1,31,250; ಉಳಿಯುವುದು 58,750. ಲಾಭ ಹೋಯಿತು, 1,250 ನಷ್ಟ ಬಂತು. ಕೆಲಸ ಮುಗಿಯಲು ಒಂದು ವರ್ಷ ಹಿಡಿದರೆ, ಬಾರದೆ ಉಳಿದ 60,000ದ ಮೇಲೂ ಹಂತಹಂತವಾಗಿ ಹಾಕಿದ ಹಣದ ಸರಾಸರಿಯ ಮೇಲೂ ಶೇಕಡಾ 10ರಂತೆ ಬಡ್ಡಿ ಸುಮಾರು 12,500. ವರ್ತಕನ ಹಣ ಶೆಡ್ಡಿನಲ್ಲಿ ಕೂತಿದ್ದರೂ ಬಡ್ಡಿ ನಡೆದೇ ಇರುತ್ತದೆ.

ಬಿಡಿಭಾಗಗಳ ದಾರಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಟ್ಯಾಂಕು, ಹೆಡ್‌ಲೈಟಿನ ಕವಚ, ಚೈನು ಮುಚ್ಚುವ ಪೆಟ್ಟಿಗೆ, ಜೋಡಿ ಸೈಲೆನ್ಸರ್, ಕಾರ್ಬ್ಯುರೇಟರ್, ಪೂರ್ಣ ಎಂಜಿನ್ ಎಂದು ಪಟ್ಟಿ ಮಾಡಿ ಬೆಲೆ ಕೂಡಿಸಿದರೆ 95,000 ಬರಬಹುದು. ಇದು ಪಟ್ಟಿಯ ಬೆಲೆ, ವಸೂಲಾಗುವ ಬೆಲೆಯಲ್ಲ. ನಿಂತುಹೋದ ದಾಸ್ತಾನು ಇಟ್ಟುಕೊಂಡ ಯಾವ ವರ್ತಕನಿಗೂ ಇದನ್ನು ವಿವರಿಸಬೇಕಿಲ್ಲ. ಅಪರೂಪದ, ಚೆನ್ನಾಗಿರುವ ನಾಲ್ಕಾರು ಭಾಗಗಳು ತಿಂಗಳೊಳಗೆ ಹೋಗುತ್ತವೆ; ತುಕ್ಕುಹಿಡಿದ ಮಡ್‌ಗಾರ್ಡು, ಸವೆದ ಗೇರು, ಸೊಟ್ಟಗಾದ ರಿಮ್ಮು ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಉಳಿದು ಕಡೆಗೆ ಗುಜರಿಗೆ ಸೇರುತ್ತವೆ. ಶೇಕಡಾ 60 ವಸೂಲಾಯಿತೆಂದರೆ 57,000. ಬಿಚ್ಚುವ ಕೂಲಿ, ಪ್ಯಾಕಿಂಗ್, ಸಾಗಣೆಗೆ 7,000 ಕಳೆದರೆ 50,000. ಹಣ ಕಂತುಕಂತಾಗಿ ಬರುವುದರಿಂದ ಇಲ್ಲಿಯೂ ಬಡ್ಡಿಯ ಬಾಬ್ತು ಎರಡು ಎರಡೂವರೆ ಸಾವಿರ ಹೋಗುತ್ತದೆ. ಪ್ರತಿಯೊಂದು ಭಾಗಕ್ಕೂ ಬರುವ ಹತ್ತಾರು ದೂರವಾಣಿ ಕರೆಗಳಿಗೆ ಉತ್ತರಿಸುವ ಮಾಲೀಕನ ಸಮಯಕ್ಕೆ ನಾವು ಬೆಲೆಯನ್ನೇ ಕಟ್ಟಿಲ್ಲ.

ಹೀಗೆ ಈ ಉದಾಹರಣೆಯಲ್ಲಿ, ಕಾಗದ ಸರಿಯಿರುವ ಗಾಡಿಯನ್ನು ಹಣದ ದೃಷ್ಟಿಯಿಂದ ಇದ್ದಂತೆಯೇ ಮಾರುವುದು ಉತ್ತಮ, ಬಿಚ್ಚುವುದು ತಪ್ಪು. ಈಗ ಒಂದೇ ಒಂದು ಸಂಗತಿಯನ್ನು ಬದಲಿಸಿ ನೋಡೋಣ. ನೋಂದಣಿ ಪತ್ರವಿಲ್ಲ, ಸಾರಿಗೆ ಕಚೇರಿಯಲ್ಲಿ ದಾಖಲೆಯೂ ಸಿಗುವುದಿಲ್ಲ. ಆಗ ಇದ್ದಂತೆ ಕೊಳ್ಳುವವರು 20,000ಕ್ಕಿಂತ ಮೇಲೇರುವುದಿಲ್ಲ. ರಸ್ತೆಗಿಳಿಸಲಾಗದ ಗಾಡಿಗೆ 1,31,250 ಹಾಕುವುದಂತೂ ಪ್ರಶ್ನೆಯೇ ಅಲ್ಲ. ಬಿಡಿಭಾಗಗಳ 50,000 ಮಾತ್ರ ಹಾಗೆಯೇ ಉಳಿಯುತ್ತದೆ. ಏಕೆಂದರೆ ಕಾರ್ಬ್ಯುರೇಟರಿಗೆ ಯಾರೂ ಆರ್.ಸಿ. ಕೇಳುವುದಿಲ್ಲ. ನಿರ್ಣಯವನ್ನು ತಿರುಗಿಸುವುದು ಹೆಚ್ಚಿನ ವೇಳೆ ತುಕ್ಕಲ್ಲ, ಕಾಗದ.

ಆದ್ದರಿಂದ ಮೊದಲ ಖರ್ಚು ಮೆಕ್ಯಾನಿಕ್‌ಗಲ್ಲ, ಸಾರಿಗೆ ಕಚೇರಿಯ ಓಡಾಟಕ್ಕೆ. ಆರ್.ಸಿ. ಪುಸ್ತಕ ಕಳೆದಿದ್ದರೂ ಮೂಲ ಕಚೇರಿಯ ಹಳೆಯ ವಹಿಯಲ್ಲಿ ನಮೂದಿದ್ದರೆ ನಕಲು ಪಡೆಯಲು ಅವಕಾಶವುಂಟು. ಎಂ.ವೈ. ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಗಳಲ್ಲಿ ಅನೇಕವು ಗಣಕೀಕೃತ ದಾಖಲೆಗೆ ಸೇರಿಲ್ಲ. ಸೇರಿಸಲು ಅರ್ಜಿ ಕೊಡಬೇಕಾಗುತ್ತದೆ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಸ್ವತಃ ದೀಪ ಹಿಡಿದು ನೋಡತಕ್ಕದ್ದು. ಹಿಂದೆಂದೋ ಎಂಜಿನ್ ಬದಲಿಸಿ ನಮೂದು ಮಾಡಿಸದ ಗಾಡಿಗಳು ಕಡಿಮೆಯಿಲ್ಲ. ಪಂಚ್ ಮಾಡಿದ ಸಂಖ್ಯೆಯನ್ನು ಉಜ್ಜಿದ ಗುರುತು ಕಂಡರೆ, ಆ ಗಾಡಿಯನ್ನು ಬಿಡಿಭಾಗಕ್ಕಾಗಿಯೂ ಕೊಳ್ಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮಗಳನ್ನು ಇಲ್ಲಿ ಗಮನಿಸಬೇಕು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲಸ್ವರೂಪದಲ್ಲಿರುವ ಗಾಡಿಯನ್ನು ಈ ವರ್ಗದಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ನಿಗದಿಪಡಿಸಲಾಯಿತು. ಅವಧಿ ಹತ್ತು ವರ್ಷ. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಇಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಮುಂತಾದ ಸೀಮಿತ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬೇಕೇ ಹೊರತು ನಿತ್ಯದ ಬಳಕೆಗಲ್ಲ. ದಿನವೂ ಅಂಗಡಿಗೆ ಹೋಗಲು ಗಾಡಿ ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸುವ ದಾರಿ ಹಿಡಿಯಬೇಕು.

ಕಾಗದ ಸರಿಯಿದ್ದ ಮೇಲೆ ಎಂಜಿನ್. ಜಾವಾದ ಎರಡು ಸ್ಟ್ರೋಕಿನ ಎಂಜಿನ್ ಸರಳವಾದದ್ದು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಆದರೆ ಕ್ರ್ಯಾಂಕ್ ಒತ್ತಿ ಜೋಡಿಸಿದ್ದಾದ್ದರಿಂದ ಬಿಗ್ ಎಂಡ್ ಬೇರಿಂಗ್ ಹೋದರೆ ಒತ್ತುಯಂತ್ರದಲ್ಲಿ ಬಿಡಿಸಿ ಮತ್ತೆ ಕೂಡಿಸಬೇಕು. ಕ್ರ್ಯಾಂಕ್ ಪೆಟ್ಟಿಗೆಯ ಸೀಲುಗಳು ಗಟ್ಟಿಯಾಗಿ ಗಾಳಿ ಸೋರಿದರೆ ಗಾಡಿ ಹಿಡಿದ ವೇಗದಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ ಸಂಖ್ಯೆ ಹೊತ್ತ ಅಲ್ಯೂಮಿನಿಯಂ ಕವಚ ಬಿರುಕು ಬಿಟ್ಟಿದೆಯೇ, ಚಾಸಿಸ್ ಸೊಟ್ಟಗಾಗಿದೆಯೇ ಎಂಬುದನ್ನು ತಿಳಿಯಬೇಕು. ಬದಲಿಸಲಾಗದ್ದು ಇವೆರಡೇ. ಉಳಿದ ಭಾಗಗಳು ಹಳೆಯವೋ ಹೊಸದಾಗಿ ತಯಾರಾದ ನಕಲುಗಳೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಿಕ್ಕಾವು.

ಎರಡು ಮೂರು ಸಾವಿರ ಕೊಟ್ಟು ಎಂಜಿನ್ ಬಿಚ್ಚಿಸಿ ಇಷ್ಟನ್ನು ತಿಳಿದುಕೊಂಡ ಮೇಲೆ ಮುಂದಿನ ಕಂತು. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಟ್ಯಾಂಕಿಗೆ ಬಣ್ಣ ಮೊದಲು, ಕ್ರ್ಯಾಂಕ್ ಕಡೆಗೆ. ಹೊಳೆಯುವ ಟ್ಯಾಂಕನ್ನು ನೋಡಿದವರು ಮೆಚ್ಚುತ್ತಾರೆ, ಸರಿಯಾದ ಬೇರಿಂಗನ್ನು ಯಾರೂ ನೋಡುವುದಿಲ್ಲ. ಬಣ್ಣಕ್ಕೆ ಸುರಿದ ನಂತರ ಕವಚ ಒಡೆದಿದೆಯೆಂದು ತಿಳಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಬಿಚ್ಚಿ, ನಾಲ್ಕು ಡಬ್ಬಗಳಲ್ಲಿ ತುಂಬಿಟ್ಟ ಗಾಡಿಯ ಬೆಲೆ ಮುಟ್ಟದೆ ಇಟ್ಟ ಗಾಡಿಗಿಂತ ಕಡಿಮೆ. ಯಾವ ನಟ್ಟು ಕಳೆದಿದೆಯೋ ಎಂಬ ಅನುಮಾನಕ್ಕೆ ಕೊಳ್ಳುವವನು ಮೊದಲೇ ಮುರಿದುಕೊಳ್ಳುತ್ತಾನೆ.

ಇನ್ನು ಮಮತೆಯ ವಿಚಾರ. ಲೆಕ್ಕಿಗರಿಗೆ ಹೃದಯವಿಲ್ಲವೆಂಬ ಆರೋಪ ಹಳೆಯದು. ತಂದೆಯ ಗಾಡಿಯನ್ನು ಉಳಿಸಿಕೊಳ್ಳಬಾರದೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಎಷ್ಟು ತೆರುತ್ತಿದ್ದೇವೆಂದು ತಿಳಿದು ತೆರಬೇಕೆಂಬುದಷ್ಟೇ ಮಾತು. ಮೇಲಿನ ಉದಾಹರಣೆಯಲ್ಲಿ ಸರಿಪಡಿಸಿ ಇಟ್ಟುಕೊಳ್ಳುವುದರ ವೆಚ್ಚ 1,31,250 ಅಲ್ಲ. ಬಿಟ್ಟುಕೊಟ್ಟ 60,000 ಮತ್ತು ಬಡ್ಡಿ 12,500 ಸೇರಿ 2,03,750. ಅದೇ ಮಾದರಿಯ ಸಿದ್ಧ ಗಾಡಿ 1,90,000ಕ್ಕೆ ಸಿಗುವಾಗ, ‘ಇದೇ ಗಾಡಿ’ ಎಂಬುದಕ್ಕೆ ತೆರುವ ಹೆಚ್ಚುವರಿ ಬೆಲೆ ಸುಮಾರು 14,000 ರೂಪಾಯಿ. ತಂದೆ ಓಡಿಸಿದ ಗಾಡಿಗೆ ಅದು ದುಬಾರಿಯೇನಲ್ಲ ಎಂದು ನನಗೆ ತೋರುತ್ತದೆ. ಆದರೆ ಗುಜರಿಯಿಂದ ಹವ್ಯಾಸಕ್ಕೆಂದು ತಂದ ಗಾಡಿಗೆ ಅದನ್ನು ತೆರುವುದೇಕೆ? ಉಳಿಸಿಕೊಳ್ಳುವುದಾದರೆ ಆ ವೆಚ್ಚವು ಸ್ವಂತ ಖಾತೆಯ ಹಿಂತೆಗೆತವಾಗಬೇಕು. ಅಂಗಡಿಯ ‘ವಾಹನ ರಿಪೇರಿ’ ಖಾತೆಗೆ ಅದನ್ನು ಬರೆಯುವುದು ತೆರಿಗೆ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ಗಾಡಿ ಸಂಸ್ಥೆಯ ಹೆಸರಿನಲ್ಲೇ ಇದ್ದರೆ ಲೆಕ್ಕ ಬೇರೆ. ಸವಕಳಿ ಕಳೆದು ಪುಸ್ತಕದ ಬೆಲೆ ಸೊನ್ನೆಯ ಹತ್ತಿರ ಬಂದಿರುತ್ತದೆ. ಜಿ.ಎಸ್.ಟಿ. ನೋಂದಾಯಿತ ವರ್ತಕರು ಬಳಸಿದ ವಾಹನ ಮಾರಿದಾಗ, ಸವಕಳಿ ಪಡೆದಿದ್ದಲ್ಲಿ, ಮಾರಾಟ ಬೆಲೆಗೂ ಸವಕಳಿ ಕಳೆದ ಬೆಲೆಗೂ ಇರುವ ಅಂತರದ ಮೇಲೆ ತೆರಿಗೆ ಬರುತ್ತದೆ. 2025ರ ಜನವರಿ 16ರಿಂದ ಈ ದರ ಶೇಕಡಾ 18 ಆಯಿತು. 60,000ಕ್ಕೆ ಮಾರಿದರೆ ಹತ್ತಿರ ಹತ್ತಿರ 10,800 ತೆರಿಗೆ. ವ್ಯಕ್ತಿಯ ಸ್ವಂತ ಬಳಕೆಯ ಗಾಡಿಗೆ ಈ ಬಾಧೆಯಿಲ್ಲ. ಆದಾಯ ತೆರಿಗೆಯಲ್ಲಿಯೂ ಸ್ವಂತ ಬಳಕೆಯ ಇಂಥ ಚರಸ್ವತ್ತು ಬಂಡವಾಳ ಆಸ್ತಿಯ ವ್ಯಾಖ್ಯೆಗೆ ಬರುವುದಿಲ್ಲ. ಆದರೆ ಒಂದಾದ ಮೇಲೊಂದು ಕೊಂಡು, ಸರಿಪಡಿಸಿ ಮಾರತೊಡಗಿದರೆ ಅದು ಹವ್ಯಾಸವಲ್ಲ, ವ್ಯಾಪಾರ.

ಪತ್ರ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ, ಖರ್ಚು ಮಾಡುವ ಮೊದಲು ಉಳಿದ ವಾರಸುದಾರರ ಲಿಖಿತ ಒಪ್ಪಿಗೆ ಪಡೆದು ವರ್ಗಾವಣೆ ಮಾಡಿಸಿಕೊಳ್ಳಬೇಕು. ಗೋಣಿಚೀಲದ ಕೆಳಗಿದ್ದಾಗ ಯಾರಿಗೂ ಬೇಡವಾಗಿದ್ದ ಗಾಡಿ, ಕ್ರೋಮ್ ಹಾಕಿಸಿದ ಮೇಲೆ ಎಲ್ಲ ಅಣ್ಣತಮ್ಮಂದಿರದೂ ಆಗುತ್ತದೆ.

ಬಿಡಿಭಾಗಗಳಾಗಿ ಮಾರುವ ನಿರ್ಧಾರವಾದರೆ, ಮೋಟಾರು ವಾಹನ ಅಧಿನಿಯಮ 1988ರ 55ನೆಯ ಕಲಮಿನ ಮೇರೆಗೆ ಶಾಶ್ವತವಾಗಿ ಬಳಕೆಗೆ ಬಾರದಂತಾದ ವಾಹನದ ವಿಷಯವನ್ನು 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ನೋಂದಣಿ ಪತ್ರವನ್ನು ಒಪ್ಪಿಸಬೇಕು. ಪತ್ರವನ್ನೂ ಸಂಖ್ಯೆಯಿರುವ ಚಾಸಿಸ್ ಭಾಗವನ್ನೂ ಯಾರಿಗಾದರೂ ಬಿಡಿಯಾಗಿ ಮಾರಿದರೆ, ಅವು ಕದ್ದ ಗಾಡಿಯೊಂದಕ್ಕೆ ಗುರುತಿನ ಚೀಟಿಯಾಗಿ, ಪೊಲೀಸರು ದಾಖಲೆಯಲ್ಲಿರುವ ಮಾಲೀಕನ ಬಾಗಿಲಿಗೇ ಬರುತ್ತಾರೆ. ಪತ್ರ ಒಪ್ಪಿಸಿದ ಸ್ವೀಕೃತಿ ಮತ್ತು ಬಿಚ್ಚುವ ಮುನ್ನ ತೆಗೆಸಿದ ಸಂಖ್ಯೆಗಳ ಛಾಯಾಚಿತ್ರಗಳನ್ನು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.