ಬಿಲ್ಲೆ ಸುಡುವ ಹುಡುಗನಿಗೆ

ಹೈಡ್ರೋಜನ್ ಗಾಡಿ ಆಮೇಲೆ ಓಡಿಸುವಿಯಂತೆ ತಮ್ಮಾ, ಮೊದಲು ತೂಕ ಮಾಡುವುದನ್ನು ಕಲಿ. ಬೇರಿಯಂ ಕಾರ್ಬೊನೇಟ್ ಡಬ್ಬಿಯ ಮುಚ್ಚಳ ತೆಗೆದವನೇ ತಕ್ಕಡಿಗೆ ಸುರಿಯುವ ಗಡಬಡಿ ನಿನ್ನದು. ಒಣಗಿಸಿ ತೂಗು. ತೇವವೂ ತೂಕದಲ್ಲಿ ಸೇರಿದರೆ ನೀನು ಸುಡುವ ಬೇರಿಯಂ ಜಿರ್ಕೊನೇಟ್ ಬಿಲ್ಲೆಯಲ್ಲಿ ಬೇರಿಯಂ ಕಡಿಮೆ ಬೀಳುತ್ತದೆ.

ಯಲವಿಗಿಯಿಂದ ಬೆಂಗಳೂರಿಗೆ ಹೋಗಿ ಇಂಧನ ಕೋಶದ ಕೆಲಸ ಹಿಡಿದೆ, ಸಂತೋಷ. ಆ ಊರಿಗೆ ಈ ವಿದ್ಯೆ ಹೊಸದಲ್ಲ. ಸಿ.ಎನ್.ಆರ್. ರಾವ್ ಅವರು 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಕ್ಕೆಂದೇ ಒಂದು ವಿಭಾಗ ಕಟ್ಟಿದರು. ಎ.ಕೆ. ಶುಕ್ಲಾ ಅಲ್ಲಿ ಇಂಧನ ಕೋಶಗಳ ಮೇಲೆ ವರ್ಷಗಟ್ಟಲೆ ದುಡಿದರು. ಅವರ ಹೆಸರು ಹೇಳಿ ಎದೆ ಉಬ್ಬಿಸಬೇಡ, ಲೇಖನ ಓದು.

ಕೋಶದ ನಡುವಿನ ಪದರ ಪ್ರೋಟಾನನ್ನು ಬಿಡಬೇಕು, ಎಲೆಕ್ಟ್ರಾನನ್ನು ತಡೆಯಬೇಕು. ಎಲೆಕ್ಟ್ರಾನು ಹೊರಗಿನ ತಂತಿ ಸುತ್ತಿ ಹೋದರೇ ನಮಗೆ ಕರೆಂಟು. ನಾಫಿಯಾನ್ ಎಂಬ ಪ್ಲಾಸ್ಟಿಕ್ ಹಾಳೆ ಇದನ್ನು ಚೆನ್ನಾಗಿ ಮಾಡುತ್ತದೆ, ಹಸಿ ಇರುವತನಕ. ಸ್ಲ್ಯಾಬ್ ಹಾಕುವಾಗ ಆಳುಗಳು ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ನೀರಿನ ಅಣುಗಳು ಪ್ರೋಟಾನನ್ನು ದಾಟಿಸುತ್ತವೆ. ಬಿಸಿ 100 ಡಿಗ್ರಿಯ ಹತ್ತಿರ ಬಂತೋ, ಆಳುಗಳೇ ನಾಪತ್ತೆ!

ಅದಕ್ಕೇ ಪಿಂಗಾಣಿ ಜಾತಿಯ ವಸ್ತುಗಳು ಬಂದವು. 1981ರಲ್ಲಿ ಜಪಾನಿನ ಇವಹಾರ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ಸೀರೇಟಿನಲ್ಲಿ ಬಿಸಿಯಲ್ಲೂ ಪ್ರೋಟಾನ್ ಓಡುತ್ತದೆಂದು ತೋರಿಸಿದರು. ನಿನ್ನ ಬೇರಿಯಂ ಜಿರ್ಕೊನೇಟೂ ಅದೇ ಬಳಗ. ಜಿರ್ಕೋನಿಯಂ ಜಾಗದಲ್ಲಿ ಒಂದಿಷ್ಟು ಇಟ್ರಿಯಂ ಕೂಡಿಸಿದರೆ ಆಕ್ಸಿಜನ್ನಿನ ಕೆಲವು ಮನೆ ಖಾಲಿ ಬೀಳುತ್ತವೆ. ನೀರಾವಿ ಅಲ್ಲಿ ಹೊಕ್ಕು ಪ್ರೋಟಾನನ್ನು ಒಳಗೆ ಬಿಡುತ್ತದೆ. ಬೇರಿಯಂ ಸೀರೇಟಿನಲ್ಲಿ ಪ್ರೋಟಾನ್ ಚುರುಕು, ಆದರೆ ಅದು ಇಂಗಾಲದ ಡೈಆಕ್ಸೈಡ್ ತಗುಲಿದರೆ ಕಾರ್ಬೊನೇಟಾಗಿ ಪುಡಿ ಉದುರುತ್ತದೆ. ಜಿರ್ಕೊನೇಟ್ ಗಟ್ಟಿ ಜೀವ, ಜೊತೆಗೆ ಮಹಾ ಹಟಮಾರಿ. ಅದು ಸುಟ್ಟು ಬಿಗಿಯಾಗಲು 1600 ಡಿಗ್ರಿಗೂ ಮೇಲಿನ ಕಾವು ಬೇಕು. ಅಷ್ಟರಲ್ಲಿ ಬೇರಿಯಂ ಹಾರಿಹೋಗುತ್ತದೆ. ಬಿಲ್ಲೆಯನ್ನು ಅದೇ ಪುಡಿಯಲ್ಲಿ ಹುಗಿದು ಸುಡು. ಕುಲುಮೆಯನ್ನು ಲಗೂ ಆರಿಸಿ ಸಿನೆಮಾಕ್ಕೆ ಓಡಿದರೆ ಬಿಲ್ಲೆ ಸೀಳುತ್ತದೆ, ಹೇಳಿದ್ದೇನೆ.

ಮೊದಲ ಸಲವೇ ವಾಹಕತೆಯ ಒಳ್ಳೆಯ ಅಂಕಿ ಬಂದರೆ ಹಿಗ್ಗಬೇಡ. ಬಿಲ್ಲೆಯ ಸಂದಿನಲ್ಲಿ ಕೂತ ನೀರೂ ಕಡಿಮೆ ಕಾವಿನಲ್ಲಿ ಕರೆಂಟು ಹರಿಸಿ ನಿನ್ನನ್ನು ನಗಿಸೀತು. ಒಣ ಗಾಳಿಯಲ್ಲಿ ಅಳೆ, ಹಬೆ ಬಿಟ್ಟು ಅಳೆ. ಆಮೇಲೆ ಮಾಮೂಲಿ ನೀರಿನ ಬದಲು ಭಾರಜಲದ ಹಬೆ ಬಿಡು. ಅದರಲ್ಲಿನ ಡ್ಯೂಟೀರಿಯಂ ಪ್ರೋಟಾನಿಗಿಂತ ತೂಕದ್ದು, ನಿಧಾನ ಜಿಗಿಯುತ್ತದೆ. ವಾಹಕತೆ ಇಳಿದರೆ ಓಡುತ್ತಿರುವುದು ಪ್ರೋಟಾನೇ ಎನ್ನಲು ಒಳ್ಳೆಯ ಸಾಕ್ಷಿ. ಇಳಿಯಿತೋ, ನಡುರಾತ್ರಿಯಾದರೂ ನನಗೆ ಫೋನ್ ಮಾಡು. ಇಳಿಯಲಿಲ್ಲವೋ, ನನ್ನ ನಿದ್ದೆ ಕೆಡಿಸಬೇಡ. ಬೆಳಿಗ್ಗೆ ನಿನ್ನ ಗೈಡಿಗೆ ತೋರಿಸು.