ನಮ್ಮೂರ ಸೈಕಲ್ ಶಾಪು ಮತ್ತು ಒಂದೂವರೆ ಇಂಚಿನ ಲೆಕ್ಕ



ಈ ಸಲದ ಗೋಡೆ ಪತ್ರಿಕೆಗೆ "ನಮ್ಮೂರ ಕಸುಬು" ಎಂಬ ವಿಷಯದ ಮೇಲೆ ಒಬ್ಬೊಬ್ಬರು ಒಂದೊಂದು ಲೇಖನ ಬರೆಯಬೇಕೆಂದು ವಿಜ್ಞಾನದ ಮೇಷ್ಟ್ರು ಹೇಳಿದ್ದರು. ಕುಂಬಾರಿಕೆ, ನೇಯ್ಗೆ, ಬುಟ್ಟಿ ಹೆಣೆಯುವುದು ಎಲ್ಲವನ್ನೂ ಬೇರೆಯವರು ಮೊದಲೇ ಹಿಡಿದುಕೊಂಡುಬಿಟ್ಟರು. ನನಗೆ ಉಳಿದದ್ದು ಬಸ್ ಸ್ಟಾಪಿನ ಪಕ್ಕದ ಸೈಕಲ್ ಶಾಪು. "ಪಂಕ್ಚರ್ ಹಾಕೋದೂ ಒಂದು ಕಸುಬೇನೋ?" ಅಂತ ಹಿಂದಿನ ಬೆಂಚಿನವರು ನಕ್ಕರು. ನಾನೂ ಹಾಗೇ ಅಂದುಕೊಂಡು ಹೋದೆ. ಎರಡು ವಾರ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಶಾಪಿನ ಯಜಮಾನರನ್ನು ಊರಿನವರೆಲ್ಲ ಸೈಕಲ್ ತಾತ ಎನ್ನುತ್ತಾರೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುತ್ತಾರೆ. ಮೊದಲು ಬರುವವರು ಹಾಲಿನವರು, ಆಮೇಲೆ ಸೊಪ್ಪಿನವರು, ಆಮೇಲೆ ನಾವು. ಗಾಳಿ, ಪಂಕ್ಚರು, ಚೈನಿಗೆ ಎಣ್ಣೆ ಇವೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ಮೊದಲು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಇಟ್ಟಿದ್ದರಂತೆ. ಮನೆಮನೆಗೂ ಬೈಕು ಬಂದ ಮೇಲೆ ಅದು ನಿಂತುಹೋಯಿತು. ಈಗ ತಾತನ ಹೊಟ್ಟೆ ತುಂಬಿಸುತ್ತಿರುವುದು ಬೇರೆಯೇ ಕೆಲಸ. ಅಂಗಡಿಯಲ್ಲಿ ಸಿಗದ ಸೈಕಲ್ ಬೇಕು ಎನ್ನುವವರು ಅವರ ಹತ್ತಿರ ಬರುತ್ತಾರೆ. ಎರಡು ಕ್ಯಾನು ನೇತುಹಾಕಲು ಅಗಲ ಕ್ಯಾರಿಯರ್ ಬೇಕೆನ್ನುವ ಹಾಲಿನವರು, ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಸಾಣೆಕಲ್ಲು ತಿರುಗಬೇಕೆನ್ನುವ ಚಾಕು ಸಾಣೆಯವರು, ಮುಂದೆ ಟೀ ಡ್ರಮ್ಮು ಕೂರಬೇಕೆನ್ನುವವರು. ತಾತನ ಹತ್ತಿರ ನಕ್ಷೆ ಇಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆಯುತ್ತಾರೆ, ಅದೇ ನಕ್ಷೆ.

ಮೊದಲ ದಿನ ನನಗೆ ಕೊಟ್ಟ ಕೆಲಸ ಕಡ್ಡಿ ಎಣಿಸುವುದು. 28 ಇಂಚಿನ ದೊಡ್ಡ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40. ಯಾಕೆ ವ್ಯತ್ಯಾಸ ಅಂದೆ. "ಭಾರ ಎಲ್ಲಿ ಕೂರುತ್ತೆ? ಚೈನು ಎಲ್ಲಿ ಎಳೆಯುತ್ತೆ? ನೀನೇ ಹೇಳಲಾ" ಅಂದರು. ಎರಡೂ ಹಿಂದೆಯೇ. ಇನ್ನೊಂದು ವಿಷಯ ಗಮನಿಸಿ. ಒಂದು ಕಡ್ಡಿಯನ್ನು ನೆಲಕ್ಕೆ ನಿಲ್ಲಿಸಿ ಮೇಲಿಂದ ಒತ್ತಿದರೆ ಬಗ್ಗಿಬಿಡುತ್ತದೆ. ಅದೇ ಕಡ್ಡಿಯನ್ನು ಎರಡು ತುದಿ ಹಿಡಿದು ಎಳೆದರೆ ಏನೂ ಆಗುವುದಿಲ್ಲ. ಆದ್ದರಿಂದಲೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನಾವು ಕೂತಾಗ ಕೆಳಗಿನ ಕಡ್ಡಿಗಳ ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ, ಪೂರ್ತಿ ಹೋಗುವುದಿಲ್ಲ. ಕಡ್ಡಿಗಳು ನೇರವಾಗಿರದೆ ಒಂದನ್ನೊಂದು ಅಡ್ಡ ಹಾಯ್ದು ಓರೆಯಾಗಿರುವುದನ್ನು ನೋಡಿರುತ್ತೀರಿ. ಚೈನು ನಡುವಿನ ಹಬ್ಬನ್ನು ತಿರುಗಿಸಿದಾಗ ಆ ಎಳೆತ ರಿಮ್ಮಿಗೆ ಮುಟ್ಟಬೇಕಾದರೆ ಹೀಗೆ ಓರೆಯಾಗಿ ಇರಬೇಕು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಎಂಬುವರು 1874ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು.

ಬೆಂಡು ತೆಗೆಯುವುದನ್ನು ನೋಡುತ್ತಾ ನಾನು ಹೋಂವರ್ಕ್ ಮರೆತದ್ದೂ ಉಂಟು. ಚಕ್ರವನ್ನು ತಿರುಗಿಸಿ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿಯುತ್ತಾರೆ. ರಿಮ್ಮು ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಬಿಳಿ ಗೆರೆ ಬೀಳುತ್ತದೆ. ಆ ಜಾಗದಲ್ಲಿ ಎದುರು ಬದಿಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಿ, ಈ ಬದಿಯದನ್ನು ಕಾಲು ಸುತ್ತು ಸಡಿಲ ಮಾಡುತ್ತಾರೆ. ಕಾಲು ಸುತ್ತಿಗಿಂತ ಹೆಚ್ಚಿಲ್ಲ. ಅವಸರ ಮಾಡಿ ಪೂರ್ತಿ ಸುತ್ತು ತಿರುಗಿಸಿದರೆ ರಿಮ್ಮು ಹಲಸಿನ ಹಪ್ಪಳ ಆಗುತ್ತೆ ಅಂತಾರೆ. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳುತ್ತಾರೆ, ಹರಿಕಥೆಯವರು ತಂಬೂರಿ ಶ್ರುತಿ ಮಾಡಿದ ಹಾಗೆ. ಸಡಿಲ ಇರುವ ಕಡ್ಡಿ ದಪ್ಪ ದನಿ, ಬಿಗಿ ಇರುವುದು ಸಣ್ಣ ದನಿ. ಶಬ್ದದ ಪಾಠದಲ್ಲಿ ನಮಗೆ ಬಂದದ್ದು ಇದೇ.

ಬೆಸುಗೆ ವಿಚಾರವನ್ನೂ ಹೇಳಿಬಿಡುತ್ತೇನೆ. ಹಾಲಿನ ಸೈಕಲ್ಲಿನ ಕೊಳವೆ ಬಿರುಕು ಬಿಟ್ಟಾಗ ತಾತ ಅದನ್ನು ಆಚಾರರ ಕುಲುಮೆಗೆ ಒಯ್ಯುತ್ತಾರೆ. ಬಿರುಕಿಗೆ ಬಿಳಿಗಾರ ಹಚ್ಚಿ, ಕೆಂಪಗೆ ಕಾಯಿಸಿ, ಹಿತ್ತಾಳೆ ಮುಟ್ಟಿಸುತ್ತಾರೆ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಹಾಗಾಗಿ ಕೊಳವೆ ಕರಗದೆ ಹಿತ್ತಾಳೆ ಮಾತ್ರ ನೀರಾಗಿ, ದೀಪದ ಬತ್ತಿಗೆ ಎಣ್ಣೆ ಏರಿದಂತೆ ಸಂದಿಯೊಳಗೆ ತಾನೇ ನುಗ್ಗುತ್ತದೆ. ಬಿಳಿಗಾರ ಇಲ್ಲದಿದ್ದರೆ ನುಗ್ಗುವುದಿಲ್ಲ. ಬಿಸಿಯಾದ ಕಬ್ಬಿಣದ ಮೇಲೆ ಬರುವ ಕಿಟ್ಟವನ್ನು ಅದು ಕರಗಿಸುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ತರಗತಿಯ ಒಬ್ಬ ಗೆಳತಿ 4 ಕಿಲೋಮೀಟರ್ ದೂರದ ಹಟ್ಟಿಯಿಂದ ಬರುತ್ತಾಳೆ. (ಹೆಸರು ಬರೆಯಬೇಡ ಅಂದಿದ್ದಾಳೆ, ಬರೆಯುವುದಿಲ್ಲ.) ಹುಣಸೇಮರದಿಂದ ಬಿದ್ದು ಎಡಗಾಲು ಮುರಿದು, ಮೂಳೆ ಕೂಡಿಕೊಂಡರೂ ಮಂಡಿ ಪೂರ್ತಿ ಮಡಚುವುದಿಲ್ಲ. ಹಟ್ಟಿಗೆ ಬಸ್ಸಿಲ್ಲ. ಮೂರು ತಿಂಗಳು ಅವರಪ್ಪ ಬೈಕಿನಲ್ಲಿ ಬಿಟ್ಟು ಹೋಗುತ್ತಿದ್ದರು. ಕೂಲಿ ತಪ್ಪುತ್ತದೆ, ಇನ್ನು ಆಗುವುದಿಲ್ಲ ಎಂದರು. ಮನೆಯಲ್ಲಿ ಅಕ್ಕನ ಲೇಡೀಸ್ ಸೈಕಲ್ ಇತ್ತು. ಆದರೆ ಪೆಡಲ್ ಮೇಲೆ ಬಂದಾಗ ಎಡ ಮಂಡಿ ಅಷ್ಟು ಮಡಚದೆ ಪ್ರತಿ ಸುತ್ತಿಗೂ ಜೀವ ಹೋಗುವ ನೋವು. ಟಿ.ಸಿ. ತಗೊಳ್ಳುವ ಮಾತು ಬಂತು. ನಾನೇ ಅವಳನ್ನು ತಾತನ ಹತ್ತಿರ ಕರೆದುಕೊಂಡು ಹೋದೆ.

ತಾತ ಕಾಲು ನೋಡಲಿಲ್ಲ, ಸೈಕಲ್ಲೂ ನೋಡಲಿಲ್ಲ. ಸೀಟಿನಷ್ಟು ಎತ್ತರದ ಕಟ್ಟೆಯ ಮೇಲೆ ಕೂರಿಸಿ, ಎಡಗಾಲನ್ನು ಚಾಚಿದಷ್ಟೂ ಕೆಳಗೆ ಚಾಚಲು ಹೇಳಿದರು. ಅಲ್ಲಿಂದ ಪಾದದ ಕೆಳಗೆ ಒಂದೊಂದೇ ಹಲಗೆ ಚೂರು ಇಡುತ್ತಾ, "ಎಲ್ಲಿಗೆ ಬಂದಾಗ ನೋಯುತ್ತೆ ಹೇಳವ್ವ, ನಾಚ್ಕೋಬೇಡ" ಅಂದರು. ಹತ್ತೂವರೆ ಇಂಚಿಗೆ ಅವಳು ಮುಖ ಹಿಂಡಿದಳು. ತಾತ ಗೋಡೆಯ ಮೇಲೆ 10½ ಎಂದು ಬರೆದರು.

ಈಗ ಲೆಕ್ಕ ನೋಡಿ. ಪೆಡಲ್ಲನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ಕ್ರಾಂಕು ಎನ್ನುತ್ತಾರೆ. ಅವಳ ಸೈಕಲ್ಲಿನ ಕ್ರಾಂಕಿನ ಉದ್ದ 6½ ಇಂಚು. ಪೆಡಲ್ ಒಂದು ಸುತ್ತು ಬರುವಾಗ ಪಾದ ಕೆಳಗಿನಿಂದ ಮೇಲಕ್ಕೆ ಅದರ ಎರಡರಷ್ಟು, ಅಂದರೆ 13 ಇಂಚು ಏರಬೇಕು. ಅವಳಿಂದ ಆಗುವುದು 10½. ಎಡಗಡೆ ಕ್ರಾಂಕು 5 ಇಂಚಿಗೆ ಇಳಿದರೆ ಪಾದ ಏರುವುದು 10 ಇಂಚು ಮಾತ್ರ. ಒಂದೂವರೆ ಇಂಚು ಕಡಿಮೆ ಮಾಡಿದರೆ ಸಾಕು, ನೋವಿಲ್ಲ.

ಆದರೆ ಸನ್ನೆಕೋಲಿನ ಪಾಠ ನೆನಪಿದೆಯಾ? ತೋಳು ಚಿಕ್ಕದಾದರೆ ಹೆಚ್ಚು ಬಲ ಹಾಕಬೇಕು. 6½ನ್ನು 5ರಿಂದ ಭಾಗಿಸಿದರೆ 1.3. ಎಡಗಾಲಿಗೆ 1.3 ಪಟ್ಟು ತುಳಿತ ಬೇಕು. ಇದಕ್ಕೂ ತಾತ ಉಪಾಯ ಹೇಳಿದರು. ಮುಂದಿನ ಚೈನ್ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇತ್ತು. 18 ತೆಗೆದು 22 ಹಲ್ಲಿನದು ಹಾಕಿದರೆ ತುಳಿತ 18/22ಕ್ಕೆ ಇಳಿಯುತ್ತದೆ, ಅಂದರೆ 0.82 ಪಟ್ಟು. 1.3 ಗುಣಿಸು 0.82 ಎಂದರೆ 1.07. ಎಡಗಾಲಿಗೆ ಹೆಚ್ಚುಕಮ್ಮಿ ಮೊದಲಿನಷ್ಟೇ ಬಲ, ಬಲಗಾಲಿಗೆ ಮೊದಲಿಗಿಂತ ಹಗುರ!

ಪುಕ್ಕಟೆ ಏನೂ ಬರುವುದಿಲ್ಲ. ಅವಳ 26 ಇಂಚಿನ ಚಕ್ರ ಒಂದು ಸುತ್ತು ಉರುಳಿದರೆ 2 ಮೀಟರ್ 5 ಸೆಂಟಿಮೀಟರ್ (ನೆಲದ ಮೇಲೆ ಗುರುತು ಹಾಕಿ ಟೇಪಿನಲ್ಲಿ ಅಳೆದಿದ್ದೇನೆ). 18 ಹಲ್ಲಿನಲ್ಲಿ ಒಂದು ತುಳಿತದ ಸುತ್ತಿಗೆ ಸುಮಾರು 5 ಮೀಟರ್, 22ರಲ್ಲಿ 4.1 ಮೀಟರ್. ಶಾಲೆಗೆ ಬರಲು ಮೊದಲು ಸುಮಾರು 800 ಸುತ್ತು, ಈಗ ಸುಮಾರು 975 ಸುತ್ತು. "ಜಾಸ್ತಿ ಸಲ ಹಗೂರಾಗಿ ತುಳೀತೀಯೋ, ಕಮ್ಮಿ ಸಲ ಕಷ್ಟಪಟ್ಟು ತುಳೀತೀಯೋ?" ಎಂದು ತಾತ ಕೇಳಿದರು. ಅವಳು ಹಗೂರಾಗಿಯೇ ಇರಲಿ ಅಂದಳು.

ಇಲ್ಲಿ ಒಂದು ತಪ್ಪು ನಡೆಯಿತು. ಬರೆಯಲೋ ಬೇಡವೋ ಎಂದು ತಾತನನ್ನೇ ಕೇಳಿದೆ. "ಬರಿ, ಅದನ್ನೇ ಮೊದ್ಲು ಬರಿ" ಅಂದರು.

ಪೆಡಲನ್ನು ಕ್ರಾಂಕಿಗೆ ಥ್ರೆಡ್ ತಿರುಗಿಸಿ ಕೂರಿಸುತ್ತಾರೆ. ಬಲಗಡೆಯದು ಎಲ್ಲ ಬೋಲ್ಟಿನಂತೆ ಸಾಮಾನ್ಯ ಥ್ರೆಡ್, ಎಡಗಡೆಯದು ಉಲ್ಟಾ ಥ್ರೆಡ್. ತಾತ ಹಳೇ ಕ್ರಾಂಕಿನಲ್ಲೇ 5 ಇಂಚಿಗೆ ಹೊಸ ತೂತು ಕೊರೆದರು. ಅವರ ಹತ್ತಿರ ಉಲ್ಟಾ ಥ್ರೆಡ್ ಹಾಕುವ ಟ್ಯಾಪ್ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ನಾವು ಅವಸರ ಮಾಡಿದೆವು. ಸಾಮಾನ್ಯ ಥ್ರೆಡ್ಡೇ ಹಾಕಿ, ಬಲಗಡೆಯ ಪೆಡಲೊಂದನ್ನು ಎಡಕ್ಕೆ ಕೂರಿಸಿ, "ಬಿಗಿಯಾಗಿ ಹಾಕಿವ್ನಿ, ಸದ್ಯಕ್ಕೆ ನಡೀತದೆ" ಅಂದರು. ಎರಡು ದಿನ ನಡೆಯಿತು. ಮೂರನೇ ದಿನ ಕೆರೆ ಏರಿಯ ಇಳಿಜಾರಿನಲ್ಲಿ ಪೆಡಲ್ ಕಳಚಿ ಬಿತ್ತು, ಅವಳೂ ಬಿದ್ದಳು. ಮೊಣಕೈ ತರಚಿ ರಕ್ತ. ಇನ್ನು ಸೈಕಲ್ ಮುಟ್ಟಲ್ಲ ಅಂದಳು. ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಅಷ್ಟು ಬಿಗಿ ಮಾಡಿದ್ದು ಹೇಗೆ ಕಳಚಿತು? ನೀವೇ ಮಾಡಿ ನೋಡಿ. ಎಡಗೈ ಮುಷ್ಟಿಯ ಉಂಗುರದಲ್ಲಿ ಒಂದು ಪೆನ್ಸಿಲ್ಲನ್ನು ಸಡಿಲವಾಗಿ ಹಿಡಿಯಿರಿ. ಅದರ ಇನ್ನೊಂದು ತುದಿಯನ್ನು ಮೆಲ್ಲಗೆ ಒತ್ತುತ್ತಾ ಗುಂಡಗೆ ಸುತ್ತಿಸಿ. ತುದಿ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಪೆನ್ಸಿಲ್ಲು ತನ್ನ ಸುತ್ತ ತಾನು ಎದುರು ದಿಕ್ಕಿಗೆ ಉರುಳುತ್ತದೆ. ನಮ್ಮ ಪಾದದ ಭಾರವೂ ಕ್ರಾಂಕಿನ ತೂತಿನಲ್ಲಿ ಪೆಡಲ್ ಕಂಬಿಯನ್ನು ಹೀಗೇ ಸುತ್ತ ಒತ್ತುತ್ತಾ ಹೋಗುತ್ತದೆ. ಎಡಗಡೆ ಸಾಮಾನ್ಯ ಥ್ರೆಡ್ ಇದ್ದರೆ ಕಂಬಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಅಷ್ಟಷ್ಟೇ ಬಿಗಿಯಾಗುತ್ತದೆ. ತಾತನಿಗೆ ಇದು ಗೊತ್ತಿಲ್ಲದ್ದಲ್ಲ. "ಗೊತ್ತಿದ್ದೂ ಮಾಡ್ದೆ ನೋಡು, ಅದಕ್ಕೇ ಜಾಸ್ತಿ ಬೇಜಾರು" ಅಂದರು.

ಆ ಭಾನುವಾರ ತಾತ ಶಾಪು ಮುಚ್ಚಿದರು. ನಾನು ನೋಡಿದಂತೆ ಅದೊಂದೇ ದಿನ. ಗುಜರಿ ಡಬ್ಬ ಪೂರ್ತಿ ನೆಲಕ್ಕೆ ಸುರಿದು ಇಬ್ಬರೂ ಹುಡುಕಿದೆವು. ಕೊನೆಗೆ ಮಕ್ಕಳ ಹಳೇ ಸೈಕಲ್ಲಿನ ಒಂದು ಎಡಗಡೆ ಕ್ರಾಂಕು ಸಿಕ್ಕಿತು. ಅಳೆದರೆ ಸರಿಯಾಗಿ 5 ಇಂಚು, ಕಂಪನಿಯಿಂದಲೇ ಬಂದ ಉಲ್ಟಾ ಥ್ರೆಡ್ಡು. ಮಡ್ಡಿ ಎಣ್ಣೆಯಲ್ಲಿ ತೊಳೆದು ತುಕ್ಕು ಉಜ್ಜಿದೆವು. ಹೊಸ ಕಾಟರ್ ಪಿನ್ನು ಅರದಲ್ಲಿ ಉಜ್ಜಿ ಉಜ್ಜಿ ಹೊಂದಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಇಬ್ಬರೂ ಹಟ್ಟಿಗೆ ಹೋದೆವು. ಅವರಪ್ಪ ಬಾಗಿಲಲ್ಲೇ ನಿಂತು ಮಾತಾಡಲಿಲ್ಲ. ತಾತ, "ನಂದೇ ತಪ್ಪು ಕಣಪ್ಪ. ಈ ಸಲ ನಾನೇ ಮೊದ್ಲು ತುಳ್ದು ತೋರಿಸ್ತೀನಿ" ಎಂದು ಅರವತ್ತು ದಾಟಿದ ವಯಸ್ಸಿನಲ್ಲಿ ಲೇಡೀಸ್ ಸೈಕಲ್ ಹತ್ತಿ ಹಟ್ಟಿಯ ಸುತ್ತ ಮೂರು ಸುತ್ತು ಹೊಡೆದರು. ಮಕ್ಕಳೆಲ್ಲ ಹಿಂದೆ ಓಡಿದರು. ಅವಳಿಗೆ ನಗು ಬಂತು. ಮೊದಲ ಕೆಲಸಕ್ಕೆ ಕೊಟ್ಟಿದ್ದ ದುಡ್ಡನ್ನೂ ಅವರಪ್ಪನ ಜೇಬಿಗೇ ತುರುಕಿ ಬಂದರು.

ಇಷ್ಟು ಬರೆದು ಮೇಷ್ಟ್ರಿಗೆ ತೋರಿಸಿದಾಗ ಇನ್ನೊಂದು ವಿಷಯ ಹೇಳಿದರು, ಸೇರಿಸುತ್ತೇನೆ. ವಿಮಾನ ಮಾಡಿದ ರೈಟ್ ಸಹೋದರರೂ ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಸೈಕಲ್ ಶಾಪು ಇಟ್ಟಿದ್ದವರೇ. 1892ರಲ್ಲಿ ಶುರುಮಾಡಿ, 1896ರಿಂದ ತಮ್ಮದೇ ಸೈಕಲ್ ಮಾಡಿ ಮಾರಿದರು. 1903ರ ಡಿಸೆಂಬರ್ 17ರಂದು ಹಾರಿದ ಅವರ ವಿಮಾನದಲ್ಲಿ ಎಂಜಿನ್ನಿನಿಂದ ಫ್ಯಾನಿಗೆ ಶಕ್ತಿ ಹೋದದ್ದು ಸೈಕಲ್ಲಿನಂಥ ಚೈನು ಮತ್ತು ಹಲ್ಲಿನ ಚಕ್ರಗಳಿಂದ. ತಾತನಿಗೆ ಇದನ್ನು ಹೇಳಿದೆ. "ಅವರತ್ರ ಉಲ್ಟಾ ಟ್ಯಾಪ್ ಇತ್ತೇನೋ ಕೇಳು" ಅಂದರು. ಹೋದ ಸಂತೆಯ ದಿನ ತಾತ ಪೇಟೆಗೆ ಹೋಗಿ ತಮಗೂ ಒಂದು ಕೊಂಡು ತಂದಿದ್ದಾರೆ.

ಅವಳು ಈಗ ದಿನಾ ಸೈಕಲ್ಲಿನಲ್ಲೇ ಬರುತ್ತಾಳೆ. ಕೆರೆ ಏರಿಯ ಮೇಲೆ ಮಾತ್ರ ಇಳಿದು ತಳ್ಳಿಕೊಂಡು ಬರುತ್ತಾಳಂತೆ. ಆ ಸೈಕಲ್ಲು ನಮ್ಮ ಶಾಲೆಯ ಬೇವಿನ ಮರದ ಕೆಳಗೆ ನಿಂತಿರುತ್ತದೆ, ಎರಡು ಪೆಡಲ್ಲಿನ ಉದ್ದ ಬೇರೆ ಬೇರೆ ಇರುವುದು ಅದೊಂದೇ. ನೋಡಬೇಕೆನ್ನುವವರು ನೋಡಿ. ಆದರೆ ಕೇಳದೆ ಹತ್ತಬೇಡಿ. ಕಾಟರ್ ಪಿನ್ನನ್ನು ಈ ಶನಿವಾರ ಇನ್ನೊಮ್ಮೆ ಬಿಗಿ ಮಾಡುವುದಿದೆ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ